ಚಾಂದೋರ್‌ನಲ್ಲಿ ಒಂದು ದಿನ: ದೊಡ್ಡಮನೆ, ಹಳೇ ಊರು, ತಲೆಯಿಲ್ಲದ ನಂದಿ

ವಾಸ್ಕೋದಿಂದ ಹುಬ್ಬಳ್ಳಿ ಗಾಡಿ ಹತ್ತಿದವರು ಮಡಗಾಂವ ದಾಟಿದ ಮೇಲೆ ಕಿಟಕಿಯಾಚೆ ನೋಡುವುದೇ ಕಮ್ಮಿ. ಸೀಟು ಸಿಕ್ಕಿರುತ್ತದೆ, ಚೀಲ ಮೇಲಿಟ್ಟು ಆಗಿರುತ್ತದೆ, ಇನ್ನು ದೂಧಸಾಗರ ಬಂದಾಗ ಎದ್ದರಾಯಿತು ಅಂತ ಕಣ್ಣು ಮುಚ್ಚುತ್ತೇವೆ. ಆ ಹೊತ್ತಿನಲ್ಲೇ ಒಂದು ಸಣ್ಣ ಸ್ಟೇಷನ್ ಹಿಂದೆ ಸರಿದು ಹೋಗುತ್ತದೆ. ನಾನು ಮದುವೆಯಾಗಿ ವಾಸ್ಕೋಗೆ ಬಂದು ಹದಿನೆಂಟು ವರ್ಷ ಆಯಿತು. ಮೊದಲ ಹನ್ನೊಂದು ವರ್ಷ ಈ ಸ್ಟೇಷನ್ ದಾಟಿಕೊಂಡೇ ತವರಿಗೆ ಹೋಗಿ ಬಂದೆ, ಒಮ್ಮೆಯೂ ಇಳಿಯಲಿಲ್ಲ. ಇಳಿದು ನೋಡಿದ ಮೇಲೆ ಮಾತ್ರ ಮನಸ್ಸಿಗೆ ಬಂತು, ಗೋವಾದಲ್ಲಿರುವ ಕನ್ನಡದವರು ಬೀಚಿಗಿಂತ ಮೊದಲು ನೋಡಬೇಕಾದ ಊರು ಇದು.

ಊರಿನ ಹೆಸರು ಚಾಂದೋರ್. ಸಾಲ್ಸೆಟ್ ತಾಲೂಕು, ಮಡಗಾಂವದಿಂದ ಪೂರ್ವಕ್ಕೆ ಸುಮಾರು 13 ಕಿಲೋಮೀಟರ್. ಜನ ಇಲ್ಲಿಗೆ ಬರುವುದು ಬ್ರಗಾಂಝಾ ಮನೆ ನೋಡಲು. ಗೋವಾದ ದೊಡ್ಡಮನೆಗಳ ಮಾತು ಬಂದರೆ ಮೊದಲು ಬಾಯಿಗೆ ಬರುವ ಹೆಸರು ಅದು. ಆದರೆ ಆ ಮನೆಗಿಂತ ಸಾವಿರ ವರ್ಷ ಹಳೆಯದಾದ ಊರು ಅದರ ಸುತ್ತಮುತ್ತಲ ಮಣ್ಣಿನಲ್ಲಿದೆ. ಚಂದ್ರಪುರ. ಗೋವಾ ಕದಂಬರು ಗೋಪಕಪಟ್ಟಣಕ್ಕೆ ಹೋಗುವ ಮೊದಲು ಆಳಿದ್ದು ಇಲ್ಲಿಂದ. ಹಾಗಾಗಿ ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಮನೆ ನೋಡಿ ಫೋಟೋ ತೆಗೆದುಕೊಂಡು, ಆ ಹಳೇ ಊರಿನ ಗುಡಿಯ ನಂದಿ ನೋಡದೆ ವಾಪಸು ಬಂದವರನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಮೊದಲು ದಿನ ಆರಿಸಿಕೊಳ್ಳಿ. ಭಾನುವಾರ ಬೇಡ. ಚರ್ಚ್ ಚೌಕದಲ್ಲಿ ಪ್ರಾರ್ಥನೆಗೆ ಬಂದವರ ಗದ್ದಲ ಇರುತ್ತದೆ, ಮನೆಯವರೂ ಚರ್ಚಿಗೆ ಹೋಗಿರುತ್ತಾರೆ, ಬಾಗಿಲು ಬಡಿದರೆ ತೆಗೆಯುವವರು ಸಿಗುವುದು ಕಷ್ಟ. ವಾರದ ನಡುವೆ ಒಂದು ರಜೆ ಹೊಂದಿಸಿಕೊಂಡರೆ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿ ತನಕ ನಡೆಯಲು ಹಿತ. ಮಳೆಗಾಲದಲ್ಲಿ ಊರು ಹಸಿರು ಹಸಿರಾಗಿ ಕಣ್ಣಿಗೆ ಹಬ್ಬ, ಗದ್ದೆಗಳಲ್ಲಿ ಬೆಳ್ಳಕ್ಕಿಗಳ ಸಾಲು, ಆದರೆ ನಂದಿ ಇರುವ ಕಡೆ ಕಾಲು ಕೆಸರಿನಲ್ಲಿ ಹೂಳುತ್ತದೆ. ನೆನೆದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಹಾಕಿಕೊಂಡು ಹೋಗಿ.

ಹಬ್ಬದ ದಿನವೇ ಹೋಗಬೇಕೆಂದರೆ ಎರಡಿವೆ. ಒಂದು ಜನವರಿ 6, ಮೂರು ರಾಜರ ಹಬ್ಬ. ಹುಡುಗರು ಕಿರೀಟ ಇಟ್ಟುಕೊಂಡು ರಾಜರಾಗಿ ಚರ್ಚಿಗೆ ಬರುತ್ತಾರೆ. ಇನ್ನೊಂದು ಕಾರ್ನಿವಲ್ ಹೊತ್ತಿನ ಮುಸಳ್ ಖೇಳ್. ಮುಸಳ್ ಅಂದರೆ ನಮ್ಮ ಒನಕೆ! ಗಂಡಸರು ಒನಕೆ ಹಿಡಿದು ನೆಲಕ್ಕೆ ಕುಟ್ಟುತ್ತಾ ಕುಣಿಯುತ್ತಾರೆ. ಕುಣಿಯುವವರು ಕ್ರಿಶ್ಚಿಯನ್ನರು, ಕುಣಿತ ಮಾತ್ರ ಅವರು ಕ್ರಿಶ್ಚಿಯನ್ನರಾಗುವ ಮೊದಲಿನದು. ಆ ದಿನಗಳಲ್ಲಿ ಮನೆ ಒಳಗೆ ನೋಡಲು ಆಗದೇ ಇರಬಹುದು, ಊರು ನೋಡಲು ಮಾತ್ರ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಇನ್ನು ಹೋಗುವ ದಾರಿ. ನನಗೆ ಇಷ್ಟ ರೈಲು. ವಾಸ್ಕೋ–ಕುಳೆಂ ಪ್ಯಾಸೆಂಜರ್ ಚಾಂದೋರ್‌ನಲ್ಲಿ ನಿಲ್ಲುತ್ತದೆ, ಟಿಕೆಟ್ ಚಹಾದ ದುಡ್ಡಿನಷ್ಟು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ಹೋಗುವ ಗಾಡಿ, ಬರುವ ಗಾಡಿ ಎರಡನ್ನೂ ನೋಡಿಟ್ಟುಕೊಳ್ಳಿ. ಇದು 1880ರ ದಶಕದಲ್ಲಿ ಪೋರ್ಚುಗೀಸರ ಕಾಲದಲ್ಲಿ ಹಾಕಿದ ಲೈನು. ನಮ್ಮ ಅಜ್ಜಂದಿರ ಕಾಲದಿಂದ ಹುಬ್ಬಳ್ಳಿ, ಗದಗ, ಕೊಪ್ಪಳದ ಮಂದಿ ಕೆಲಸ ಹುಡುಕಿಕೊಂಡು ಗೋವಾಕ್ಕೆ ಇಳಿದದ್ದು ಇದೇ ಹಳಿ ಮೇಲೆ. ಈಗ ಇದೇ ಹಳಿ ಮೇಲೆ ಮುರಗಾಂವ ಬಂದರಿನ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಜೋಡಿ ಹಳಿ ಹಾಕುತ್ತೇವೆ ಅಂದಾಗ, 2020ರ ನವೆಂಬರಿನಲ್ಲಿ, ಸಾವಿರಾರು ಜನ ರಾತ್ರಿ ಇದೇ ಚಾಂದೋರ್ ಗೇಟಿನ ಹತ್ತಿರ ಸೇರಿ ತಡೆದರು. ಹಳಿ ಪಕ್ಕದ ಹಳೇ ಮನೆಗಳು ಅದುರಿ ಬಿರುಕು ಬಿಡುತ್ತವೆ ಅನ್ನುವುದೂ ಅವರ ಭಯಗಳಲ್ಲಿ ಒಂದು. ಅಲ್ಲಿಗೆ ಹೋದಾಗ ಗೂಡ್ಸ್ ಗಾಡಿ ಹಾದು ಹೋದರೆ ಆ ಭಯ ಯಾಕೆ ಅಂತ ನಿಮ್ಮ ಅಂಗಾಲಿಗೇ ಗೊತ್ತಾಗುತ್ತದೆ.

ರೈಲಿನ ಹೊತ್ತು ಹೊಂದದಿದ್ದರೆ ಮಡಗಾಂವಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಕದಂಬ ಸ್ಟ್ಯಾಂಡಿನಲ್ಲಿ ಚಾಂದೋರ್ ಬಸ್ ಕೇಳಿ. ಖಾಸಗಿ ಬಸ್ಸುಗಳೇ ಜಾಸ್ತಿ. ಕಂಡಕ್ಟರಿಗೆ "ಚಾಂದೋರ್ ಇಗರ್ಜೆ" ಅಂದರೆ ಸಾಕು, ಚರ್ಚಿನ ಎದುರೇ ಇಳಿಸುತ್ತಾರೆ. ಇಗರ್ಜೆ ಅಂದರೆ ಚರ್ಚ್. ಇಲ್ಲೊಂದು ಮಾತು ಹೇಳಲೇಬೇಕು. ಗೋವಾದ ಸರಕಾರಿ ಬಸ್ಸಿಗೆ ಕದಂಬ ಅಂತ ಹೆಸರಿಟ್ಟದ್ದು 1980ರಲ್ಲಿ, ಬಸ್ಸಿನ ಮೇಲಿನ ಸಿಂಹ ಕದಂಬರ ಲಾಂಛನದ ಸಿಂಹ. ವಾಸ್ಕೋದಿಂದ ಮಡಗಾಂವಕ್ಕೆ ಆ ಬಸ್ಸಿನಲ್ಲಿ ಹೋದರೆ, ಕದಂಬರ ಹೆಸರಿನ ಬಸ್ಸಿನಲ್ಲಿ ಕದಂಬರ ರಾಜಧಾನಿಯ ದಾರಿ ಹಿಡಿದ ಹಾಗಾಯಿತು. ನನ್ನ ಮಗಳಿಗೆ ಇದನ್ನು ಹೇಳಿದ ದಿನದಿಂದ ಆಕೆ ಬಸ್ಸು ಕಂಡಾಗಲೆಲ್ಲ ಸಿಂಹ ಹುಡುಕುತ್ತಾಳೆ.

ಸ್ವಂತ ಗಾಡಿ ಇದ್ದರೆ ಸಂಜೆ ಲೋಟಲಿ ಕಡೆಗೂ ಹೋಗಬಹುದು, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಬೆಳಿಗ್ಗೆ ಹತ್ತರ ಆಸುಪಾಸು ಚರ್ಚ್ ಚೌಕದಲ್ಲಿ ಇರಬೇಕು. ನಾನು ಮೊದಲ ಸಲ ಅವ್ವನನ್ನು ಕರೆದುಕೊಂಡು ಹೋದಾಗ ಮಧ್ಯಾಹ್ನ ಒಂದೂವರೆಗೆ ಮುಟ್ಟಿದೆ. ಅವ್ವ ನವಲಗುಂದದಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ಊರೇ ಮಲಗಿತ್ತು. ಅಂಗಡಿ ಬಾಗಿಲು ಹಾಕಿತ್ತು, ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ, ನಾವು ಬಡಿದ ಬಾಗಿಲು ತೆರೆಯಲಿಲ್ಲ. ತಪ್ಪು ನಮ್ಮದೇ. ಗೋವಾದ ಹಳ್ಳಿಗಳಲ್ಲಿ ಊಟವಾದ ಮೇಲೆ ಒಂದರಿಂದ ನಾಲ್ಕರ ತನಕ ಮಲಗುವ ಹೊತ್ತು, ಅದು ಯಾರ ಮನೆಯಾದರೂ ಸರಿ. ಚರ್ಚಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಎರಡೂವರೆ ತಾಸು ಕಾದೆವು. ಅವ್ವ ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಕಷ್ಟವಾಯಿತು. ಹಾಗಾಗಿ ಮನೆಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಹೊತ್ತನ್ನು ಊಟಕ್ಕೂ ನಂದಿಗೂ ಇಟ್ಟುಕೊಳ್ಳಿ. ನಂದಿ ಮಲಗುವುದಿಲ್ಲ.

ಚೌಕಕ್ಕೆ ಬಂದ ಕೂಡಲೇ ಮನೆಯತ್ತ ಓಡಬೇಡಿ. ಎದುರಿಗೆ ನಿಂತು ಉದ್ದಕ್ಕೂ ನೋಡಿ. ಒಂದೇ ಸಾಲಿನಲ್ಲಿ ಇಪ್ಪತ್ತನಾಲ್ಕು ಕಿಟಕಿ. ಬೀದಿಯ ಒಂದು ಬದಿ ಪೂರ್ತಿ ಒಂದೇ ಮನೆ. ಕೆಳಗಿನ ಅಂತಸ್ತು ಉಗ್ರಾಣಕ್ಕೆ, ಆಳುಕಾಳುಗಳಿಗೆ. ಮನೆಯವರ ಬದುಕೆಲ್ಲ ಮೇಲಿನ ಅಂತಸ್ತಿನಲ್ಲಿ. ಗೋಡೆ ಕೆಂಪು ಜಂಬಿಟ್ಟಿಗೆ ಕಲ್ಲಿನದು, ಮೇಲೆ ಸುಣ್ಣದ ಗಾರೆ. ಮನೆಯ ಹಳೇ ಭಾಗ 16ನೇ ಶತಮಾನದ್ದು, ಈಗ ಕಾಣುವ ವೈಭವ ಆಮೇಲೆ 18, 19ನೇ ಶತಮಾನಗಳಲ್ಲಿ ಸೇರುತ್ತಾ ಬಂದದ್ದು. ಹಿಂದೆ ತಿರುಗಿದರೆ ಚರ್ಚ್, ಬೆಥ್ಲೆಹೆಮಿನ ಮಾತೆಯದ್ದು, 1645ರಲ್ಲಿ ಕಟ್ಟಿದ್ದು. ಮನೆ, ಚರ್ಚ್, ನಡುವೆ ಬಯಲು. ನಮ್ಮ ಕಡೆ ದೇಸಾಯರ ವಾಡೆ, ಗುಡಿ, ನಡುವೆ ಅಗಸಿ ಇರುತ್ತದಲ್ಲ, ಹಾಗೇ. ಊರಿನ ಅಧಿಕಾರ ಎಲ್ಲಿತ್ತು ಅಂತ ಆ ಬಯಲಲ್ಲಿ ನಿಂತರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಒಳಗೆ ಹೋಗುವ ಬಗೆ. ಇದು ಮ್ಯೂಸಿಯಂ ಅಲ್ಲ, ಜನ ವಾಸ ಮಾಡುವ ಮನೆ. ಇಷ್ಟು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಮನೆ ಎರಡು ಪಾಲಾಗಿದೆ. ಪಶ್ಚಿಮದ ಪಾಲು ಮೆನೆಝೆಸ್ ಬ್ರಗಾಂಝಾ ಮನೆತನದ್ದು, ಪೂರ್ವದ ಪಾಲು ಬ್ರಗಾಂಝಾ ಪೆರೇರಾ ಮನೆತನದ್ದು. ಎರಡಕ್ಕೂ ಬೇರೆ ಬೇರೆ ದುಡ್ಡು ಕೊಡಬೇಕು, ಬೇರೆ ಬೇರೆ ಜನ ತೋರಿಸುತ್ತಾರೆ. ಒಂದನ್ನು ನೋಡಿ ಇನ್ನೊಂದನ್ನು ಬಿಡಬೇಡಿ, ಎರಡರ ಸ್ವಭಾವವೇ ಬೇರೆ. ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ, ಕಾರ್ಡು ಅಂತ ಕೂರಬೇಡಿ. ಬಾಗಿಲು ಒಮ್ಮೆ ಬಡಿದು, ಸುಮ್ನೆ ಎರಡು ನಿಮಿಷ ಕಾಯಿರಿ. ತೆರೆಯುವವರು ಹೆಚ್ಚಾಗಿ ವಯಸ್ಸಾದವರು, ಅಷ್ಟುದ್ದದ ಮನೆಯ ಇನ್ನೊಂದು ತುದಿಯಿಂದ ನಡೆದು ಬರಬೇಕಲ್ಲ. ಫೋಟೋ ತೆಗೆಯಬಹುದೇ ಅಂತ ಮೊದಲೇ ಕೇಳಿ. ಬೇಡ ಅಂದ ಕಡೆ ಫೋನು ಚೀಲದೊಳಗೆ ಹಾಕಿಬಿಡಿ, ಕೈಯಲ್ಲಿ ಹಿಡಿದು ಅವರನ್ನು ಕಾಯಿಸಬೇಡಿ. ಮಕ್ಕಳಿಗೆ ಬಾಗಿಲಲ್ಲೇ ಹೇಳಿ, ಕುರ್ಚಿ ಮೇಲೆ ಕೂರಬಾರದು, ಪಿಂಗಾಣಿ ಮುಟ್ಟಬಾರದು ಅಂತ. ನಮ್ಮ ಅವ್ವ ಕೂಡ ಕಾಲು ನೋವು ಅಂತ ಒಂದು ಬೀಟೆ ಮರದ ಕುರ್ಚಿ ಕಡೆ ಹೋದಳು. ಮನೆ ತೋರಿಸುತ್ತಿದ್ದ ಅಜ್ಜಿ ಗದರಿಸಲಿಲ್ಲ, ಒಳಗೆ ಹೋಗಿ ತಮ್ಮ ಅಡುಗೆಮನೆಯ ಸ್ಟೂಲ್ ತಂದುಕೊಟ್ಟರು.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಮನೆ ನೋಡಲು ಯಾಕೆ ದುಡ್ಡು ಅಂತ ಬಾಗಿಲಲ್ಲಿ ಚೌಕಾಸಿ ಮಾಡುವವರನ್ನು ನೋಡಿದ್ದೇನೆ. ಈ ಮನೆಗಳು ನಿಂತದ್ದು ಗದ್ದೆ, ತೆಂಗಿನ ತೋಟದ ಗೇಣಿ ಮೇಲೆ. ಪೋರ್ಚುಗೀಸರಿಂದ ಬಿಡುಗಡೆಯಾದ ನಂತರ 1964ರಲ್ಲಿ ಗೋವಾದಲ್ಲಿ ಗೇಣಿ ಕಾಯಿದೆ ಬಂತು, 1976ರ ತಿದ್ದುಪಡಿಯಲ್ಲಿ ಉಳುವವನಿಗೇ ಭೂಮಿ ಆಯಿತು. ನಮ್ಮಲ್ಲಿ ಅರಸು ಅವರ ಕಾಲದಲ್ಲಿ 1974ರಲ್ಲಿ ಆಯಿತಲ್ಲ, ಹಾಗೇ. ಅದು ಆಗಬೇಕಾದದ್ದೇ, ನಮ್ಮ ಅಜ್ಜನಿಗೆ ನಾಲ್ಕು ಎಕರೆ ಸಿಕ್ಕಿದ್ದು ಆ ಕಾಯಿದೆಯಿಂದಲೇ. ಆದರೆ ದೊಡ್ಡಮನೆಯ ಹೆಂಚು ಪ್ರತಿ ಮಳೆಗಾಲ ಸೋರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ, ಗೇಣಿ ನಿಂತ ಮೇಲೆ ಅದನ್ನೆಲ್ಲ ಯಾರು ನೋಡಬೇಕು? ನಾವು ಕೊಡುವ ನೋಟು ಹೆಂಚಿಗೇ ಹೋಗುತ್ತದೆ. ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟು ಬನ್ನಿ.

ಪಶ್ಚಿಮದ ಪಾಲಿನಲ್ಲಿ ನೋಡಬೇಕಾದದ್ದು ಗ್ರಂಥಾಲಯ. ಸುಮಾರು ಐದು ಸಾವಿರ ಪುಸ್ತಕ. ಲುಯಿಸ್ ದೆ ಮೆನೆಝೆಸ್ ಬ್ರಗಾಂಝಾ ಅವರದ್ದು, 1878ರಿಂದ 1938ರ ತನಕ ಬದುಕಿದ ಪತ್ರಕರ್ತ. 1900ರಲ್ಲಿ ಗೋವಾದ ಮೊದಲ ಪೋರ್ಚುಗೀಸ್ ದಿನಪತ್ರಿಕೆ ಓ ಹೆರಾಲ್ಡೋ ಶುರುಮಾಡಿದವರಲ್ಲಿ ಇವರೂ ಒಬ್ಬರು. ಇಷ್ಟು ದೊಡ್ಡ ಮನೆಯಲ್ಲಿ ಹುಟ್ಟಿದ ಮನುಷ್ಯ ಪೋರ್ಚುಗೀಸರ ಜೊತೆ ಆರಾಮಾಗಿ ಇದ್ದುಬಿಡಬಹುದಿತ್ತು, ಅಲ್ವಾ? ಅವರು ಹಾಗೆ ಇರಲಿಲ್ಲ. 1930ರಲ್ಲಿ ಶಾಸನ ಸಭೆಯಲ್ಲೇ ಎದ್ದು ನಿಂತು, ನಮ್ಮನ್ನು ನಾವೇ ಆಳಿಕೊಳ್ಳುವ ಹಕ್ಕು ನಮಗಿದೆ ಅನ್ನುವ ಠರಾವು ತಂದರು. ಪಣಜಿಯಲ್ಲಿ ಬಸ್ಸಿನಿಂದ ಕಾಣುವ ಇನ್‌ಸ್ಟಿಟ್ಯೂಟ್ ಮೆನೆಝೆಸ್ ಬ್ರಗಾಂಝಾ ಇವರ ಹೆಸರಿನದ್ದೇ. ಗೋವಾ ರಾಷ್ಟ್ರೀಯತೆಯ ತಂದೆ ಅಂತ ಕರೆಯುವ ಟಿ. ಬಿ. ಕುನ್ಹಾ ಕೂಡ ಇದೇ ಚಾಂದೋರ್‌ನಲ್ಲಿ 1891ರಲ್ಲಿ ಹುಟ್ಟಿದವರು, 1928ರಲ್ಲಿ ಗೋವಾ ಕಾಂಗ್ರೆಸ್ ಕಮಿಟಿ ಕಟ್ಟಿದವರು. ಈ ರಾಜಕೀಯದ ಕಾರಣಕ್ಕೇ ಮೆನೆಝೆಸ್ ಬ್ರಗಾಂಝಾ ಮನೆಯವರು 1950ರ ಸುಮಾರಿಗೆ ಮನೆ ಬಿಟ್ಟು ಹೋಗಬೇಕಾಯಿತು, 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆಯೇ ವಾಪಸು ಬಂದದ್ದು. ಅಷ್ಟು ವರ್ಷ ಖಾಲಿ ಇದ್ದ ಮನೆಯಲ್ಲಿ ಸಾಮಾನುಗಳು ಇದ್ದ ಹಾಗೇ ಇದ್ದವಂತೆ. ಪುಸ್ತಕದ ಕಪಾಟುಗಳ ಮುಂದೆ ನಿಂತಾಗ ಅದನ್ನು ನೆನಪಿಸಿಕೊಳ್ಳಿ. ಹಳೇ ಕಾಗದದ ವಾಸನೆ ಗಂಟಲಿಗೆ ತಾಗುತ್ತದೆ.

ಪೂರ್ವದ ಪಾಲು ಅದ್ದೂರಿ. ನೃತ್ಯದ ಹಾಲ್ ಇದೆ, ಅಮೃತಶಿಲೆ ನೆಲ, ಗಾಜಿನ ತೂಗುದೀಪಗಳು, ಪೋರ್ಚುಗಲ್ ದೊರೆ ದೋಂ ಲುಯಿಸ್ ಕೊಟ್ಟ ಎತ್ತರದ ಬೆನ್ನಿನ ಎರಡು ಕುರ್ಚಿಗಳು. ಮನೆಯೊಳಗೇ ಪುಟ್ಟ ಪ್ರಾರ್ಥನಾ ಮಂದಿರ, ಅದರಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಉಗುರು, ವಜ್ರಗಳ ನಡುವೆ ಕೂರಿಸಿದ್ದು. ಮಕಾವ್ ಕಡೆಯಿಂದ ಬಂದ ಚೀನೀ ಪಿಂಗಾಣಿ ಎರಡೂ ಪಾಲಿನಲ್ಲಿ ಇದೆ. ಇವನ್ನೆಲ್ಲ ತೋರಿಸುವವರೇ ತೋರಿಸುತ್ತಾರೆ, ನಾನು ಬರೆಯುವುದು ಬೇಡ. ಅವರು ತೋರಿಸದೆ ಹೋಗಬಹುದಾದ ಎರಡು ವಿಷಯ ಹೇಳುತ್ತೇನೆ.

ಒಂದು ಕಿಟಕಿ. ಹಳೇ ಗೋವಾ ಮನೆಗಳ ಕಿಟಕಿಗೆ ಗಾಜಿಲ್ಲ, ಚಿಪ್ಪು. ಸಮುದ್ರದ ಕಪ್ಪೆಚಿಪ್ಪಿನ ಜಾತಿಯದ್ದೇ ಒಂದು, ಅಂಗೈಯಗಲ, ಹಪ್ಪಳದಷ್ಟು ತೆಳು. ಅದನ್ನು ಚೌಕಾಕಾರಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸಾಲಾಗಿ ಸಿಕ್ಕಿಸಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಚಿಪ್ಪಿನಲ್ಲೂ ಮರದ ಸುತ್ತುಗಳ ಹಾಗೆ ಸಣ್ಣ ಗೆರೆಗಳು, ಒಂದು ಹಾಲಿನ ಬಣ್ಣ, ಪಕ್ಕದ್ದು ಸ್ವಲ್ಪ ಹಳದಿ, ಇನ್ನೊಂದು ಅಂಚಿನಲ್ಲಿ ಮುತ್ತಿನ ಹೊಳಪು. ಹೊರಗೆ ಸುಡು ಬಿಸಿಲು ಇದ್ದರೂ ಒಳಗೆ ಬರುವ ಬೆಳಕು ಮಜ್ಜಿಗೆಯಷ್ಟು ತಂಪು. ಅವ್ವ ಒಂದರ ಮೇಲೆ ಬೆರಳಿಟ್ಟು, "ಇದು ಹೂಜಿ ಬಾಯಿಗೆ ಕಟ್ಟೋ ಅರಿವಿ ಹಂಗ ಐತಿ ನೋಡು, ಬಿಸಲನ್ನ ಸೋಸತೈತಿ" ಅಂದಳು. ಆಮೇಲೆ ತಿಳಿಯಿತು, ಈ ಚಿಪ್ಪಿನ ಜೀವಿ ನಮ್ಮ ವಾಸ್ಕೋ ಪಕ್ಕದ ಚಿಖಲಿ ಕೊಲ್ಲಿಯ ಕೆಸರಿನಲ್ಲೇ ಬದುಕುತ್ತದೆ. ಹದಿನೆಂಟು ವರ್ಷದಿಂದ ನಾನು ಬಸ್ಸಿನಲ್ಲಿ ದಾಟುವ ನೀರು ಅದು.

ಇನ್ನೊಂದು ನಡುಮನೆ. ಈ ದೊಡ್ಡಮನೆಗಳ ಮುಖ ನೋಡಿದರೆ ಯುರೋಪು ಅನಿಸುತ್ತದೆ, ಆದರೆ ಒಳಗೆ ಕೋಣೆಗಳು ತೆರೆದ ಅಂಗಳದ ಸುತ್ತ ಇರುತ್ತವೆ. ಅಂದರೆ ತೊಟ್ಟಿಮನೆ. ಮುಖಕ್ಕೆ ಬೇರೆ ಬಟ್ಟೆ ತೊಡಿಸಿದ ನಮ್ಮದೇ ಮನೆ. ತಲೆಯೆತ್ತಿ ಹೆಂಚು ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹೆಂಚು ಗೋವಾದ ಮಾಡುಗಳಿಗೂ ಬಂತು, ನಾಡಹೆಂಚು ಹಿಂದೆ ಸರಿಯಿತು. ಹಿತ್ತಿಲಲ್ಲಿ ಒಡೆದ ಹೆಂಚು ಬಿದ್ದಿದ್ದರೆ ತಿರುಗಿಸಿ ನೋಡಿ, ಎಷ್ಟೋ ಸಲ ಕಾರ್ಖಾನೆಯ ಮುದ್ರೆ ಕಾಣುತ್ತದೆ.

ಬ್ರಗಾಂಝಾ ಮನೆಗೆ ಒಂದೂವರೆ ತಾಸು ಬೇಕು. ಆಮೇಲೆ ಫೆರ್ನಾಂಡಿಸ್ ಮನೆ. ಇದು ಚಿಕ್ಕದು, ಅಷ್ಟು ಹೊಳಪಿಲ್ಲ, ನನಗೆ ಮಾತ್ರ ಇದೇ ಜಾಸ್ತಿ ಇಷ್ಟ. ಮನೆಯ ಹಳೇ ಭಾಗ ಪೋರ್ಚುಗೀಸರಿಗಿಂತ ಮೊದಲಿನದು ಅಂತ ಹೇಳುತ್ತಾರೆ. ಇಲ್ಲಿ ತೋರಿಸುವ ದೊಡ್ಡ ವಿಷಯ ನೆಲಮಾಳಿಗೆಯ ಅಡಗುತಾಣ. ಶತ್ರು ಬಂದರೆ ಮನೆಯವರೆಲ್ಲ ಇಳಿದು ಅವಿತುಕೊಳ್ಳಲು, ಗೋಡೆಯ ಕಿಂಡಿಗಳಿಂದ ಬಂದೂಕು ಹಾರಿಸಲು, ಅಲ್ಲಿಂದಲೇ ತಪ್ಪಿಸಿಕೊಂಡು ಹೋಗಲು ಮಾಡಿದ್ದು. ಇಳಿಯಲು ಜಾಗ ಇಕ್ಕಟ್ಟು. ಮೊಣಕಾಲು ನೋವಿದ್ದವರು ಮೇಲೆ ನಿಂತೇ ಬಗ್ಗಿ ನೋಡಿದರೂ ಆದೀತು. ಇಲ್ಲಿಗೂ ಮೊದಲೇ ಫೋನ್ ಮಾಡಿಯೋ, ಬ್ರಗಾಂಝಾ ಮನೆಯಲ್ಲಿ ವಿಚಾರಿಸಿಯೋ ಹೋಗುವುದು ಒಳ್ಳೆಯದು.

ಬೀದಿಯಲ್ಲಿ ನಡೆಯುವಾಗ ಪ್ರತಿ ಮನೆಯ ಮುಂದಿನ ಬಾಲ್ಕಾಂವ್ ನೋಡಿ. ಎರಡು ಕಂಬ, ಮೇಲೆ ಸಣ್ಣ ಮಾಡು, ಎದುರುಬದುರು ಕಲ್ಲಿನ ಕಟ್ಟೆ. ಆ ಕಟ್ಟೆಗೆ ಕೊಂಕಣಿಯಲ್ಲಿ ಸೊಪೊ ಅನ್ನುತ್ತಾರೆ. ಸಂಜೆ ಅಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವುದು ಇಲ್ಲಿನ ಪದ್ಧತಿ. ನಮ್ಮ ಕಡೆಯ ಮನೆ ಮುಂದಿನ ಕಟ್ಟಿಯಂತೆಯೇ. ಯಾರಾದರೂ ಕೂತಿದ್ದರೆ ನೀವೇ ನಮಸ್ಕಾರ ಹೇಳಿ, ದಾರಿ ಕೇಳಿ. ಹೊರಡುವಾಗ "ದೇವ್ ಬರೆಂ ಕರುಂ" ಅನ್ನಿ, ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಕೊಂಕಣಿಯಲ್ಲಿ ಥ್ಯಾಂಕ್ಸ್ ಅಂದರೆ ಅದೇ. ಮುರುಕು ಕೊಂಕಣಿ ಆಡಿದರೂ ಮುಖ ಅರಳುತ್ತದೆ.

ಊಟಕ್ಕೆ ಚಾಂದೋರ್‌ನಲ್ಲಿ ಆಯ್ಕೆ ಕಮ್ಮಿ. ಚೌಕದ ಸುತ್ತ ಸಣ್ಣ ಹೋಟೆಲಿನಲ್ಲಿ ಭಾಜಿ-ಪಾವ್, ಚಹಾ ಸಿಗುತ್ತದೆ. ಮೀನು ಊಟವೇ ಬೇಕು ಅಂದರೆ ಮಡಗಾಂವಕ್ಕೆ ವಾಪಸು ಹೋಗಬೇಕು. ಬುತ್ತಿ ಕಟ್ಟಿಕೊಂಡು ಹೋಗುವುದೇ ಜಾಣತನ, ನೀರಂತೂ ಮನೆಯಿಂದಲೇ ಒಯ್ಯಿರಿ. ಬೆಳಿಗ್ಗೆ ಬೇಗ ಮುಟ್ಟಿದರೆ ಸೈಕಲ್ ಮೇಲೆ ಭೋಂಪು ಊದುತ್ತಾ ಬರುವ ಪೋದೇರನ, ಅಂದರೆ ಬ್ರೆಡ್ಡು ಮಾರುವವನ ಹತ್ತಿರ ಬಿಸಿ ಪೊಯ್ ತೆಗೆದುಕೊಳ್ಳಿ. ತವಡಿನ ಪುಡಿ ಮೆತ್ತಿದ, ಒಳಗೆ ಟೊಳ್ಳಿರುವ ಬ್ರೆಡ್ಡು ಅದು. ಶೇಂಗಾ ಚಟ್ನಿ ತುಂಬಿ ತಿಂದು ನೋಡಿ, ನನ್ನ ಮಾತು ನಂಬಿ.

ಊಟ ಆದ ಮೇಲೆ ಕೋಟ್ ವಾಡೆಗೆ ನಡೆಯಿರಿ. ಕೋಟ್ ಅಂದರೆ ಕೋಟೆ, ಹೆಸರಲ್ಲೇ ಗುರುತು ಉಳಿದಿದೆ. ಹಳೇ ಚಂದ್ರಪುರದ ಕೋಟೆ ಇದ್ದ ಜಾಗ, ಕುಶಾವತಿ ನದಿಗೆ ಹತ್ತಿರ. ದಾರಿಯಲ್ಲಿ ದೊಡ್ಡ ಬೋರ್ಡುಗಳಿಲ್ಲ. "ನಂದಿ ಖಂಯ್ ಆಸಾ?" ಅಂತ ಕೇಳಿದರೆ ಮಕ್ಕಳೂ ಕೈ ತೋರಿಸುತ್ತಾರೆ. ಅಲ್ಲಿ ಹೋಗಿ ನೋಡಿದರೆ ಗುಡಿಯ ಅಡಿಪಾಯದ ಕಲ್ಲುಗಳು, ಇಟ್ಟಿಗೆ ಸಾಲು, ಎದುರಿಗೆ ಒಂದು ಕಲ್ಲಿನ ನಂದಿ. ತಲೆ ಇಲ್ಲ. ಇಷ್ಟೇನಾ ಅನಿಸಬಹುದು, ಇಷ್ಟೇ. ಅದಕ್ಕೇ ಹೋಗುವ ಮೊದಲು ಸ್ವಲ್ಪ ತಿಳಿದುಕೊಂಡು ಹೋಗಬೇಕು, ಇಲ್ಲವಾದರೆ ಐದು ನಿಮಿಷಕ್ಕೆ ಬೇಜಾರಾಗುತ್ತದೆ.

ಚಂದ್ರಪುರದ ಹೆಸರು ಮೊದಲು ಸಿಗುವುದು ಭೋಜರು ಅನ್ನುವ ಹಳೇ ರಾಜಮನೆತನದ ಕಾಲದಲ್ಲಿ. ಸುಮಾರು 4ನೇ ಶತಮಾನದ ದೇವರಾಜ ಅನ್ನುವ ಭೋಜ ರಾಜನ ತಾಮ್ರಪಟ ಶಿರೋಡಾದಲ್ಲಿ ಸಿಕ್ಕಿದೆ, ಅದರಲ್ಲಿ ಚಂದ್ರೌರ ಅಂತ ಈ ಊರಿನ ಹೆಸರಿದೆ. ಮುಂದೆ ಶಿಲಾಹಾರರು, ಆಮೇಲೆ ಗೋವಾ ಕದಂಬರು. 11ನೇ ಶತಮಾನದ ನಡುವೆ ಕದಂಬರು ರಾಜಧಾನಿಯನ್ನು ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ, ಅಂದರೆ ಈಗಿನ ಗೋವಾ ವೆಲ್ಹಾಕ್ಕೆ ಒಯ್ದರು, ಅವರಿಗೆ ಹಡಗಿನ ವ್ಯಾಪಾರ ಬೇಕಿತ್ತು. 14ನೇ ಶತಮಾನದ ದಾಳಿಗಳಲ್ಲಿ ಚಂದ್ರಪುರ ಹಾಳಾಯಿತು. ಮಣ್ಣಿನಡಿ ಮುಚ್ಚಿ ಹೋಗಿದ್ದ ಗುಡಿಯನ್ನು 1929ರಲ್ಲಿ ಅಗೆದು ತೋರಿಸಿದವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಫಾದರ್ ಹೆರಾಸ್. ಸ್ಪೇನಿನಲ್ಲಿ ಹುಟ್ಟಿದ ಪಾದ್ರಿ ಒಬ್ಬರು ಶಿವನ ಗುಡಿಯನ್ನು ಹುಡುಕಿಕೊಟ್ಟರು.

ಇನ್ನು ಇವರೆಲ್ಲ ನಮಗೆ ದೂರದವರು ಅಂತ ಅಂದುಕೊಳ್ಳಬೇಡಿ. ಗೋವಾ ಕದಂಬರ ಶಾಸನಗಳು ಸಂಸ್ಕೃತದಲ್ಲೂ ಕನ್ನಡದಲ್ಲೂ ಇವೆ. ಖಾನಾಪುರ ತಾಲೂಕಿನ ಹಲಸಿ ಅವರ ಎರಡನೇ ರಾಜಧಾನಿ. ಕಿತ್ತೂರಿನ ಹತ್ತಿರ ದೇಗಾಂವಿಯ ಕಮಲ ನಾರಾಯಣ ಗುಡಿ ನೋಡಿದ್ದೀರಾ? 1174ರಲ್ಲಿ ಅದನ್ನು ಕಟ್ಟಿಸಿದ್ದು ಕಮಲಾದೇವಿ, ಗೋವಾ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ. ಬೆಳಗಾವಿ, ಧಾರವಾಡದ ಕಡೆಯವರು ಶಾಲೆಯ ಟ್ರಿಪ್ಪಿನಲ್ಲಿ ದೇಗಾಂವಿ ನೋಡಿ ಬೆಳೆದವರು, ಆ ಮನೆತನ ಮೊದಲು ಆಳಿದ ಊರಿನ ಮೇಲೆಯೇ ರೈಲಿನಲ್ಲಿ ನಿದ್ದೆ ಮಾಡಿಕೊಂಡು ಹೋಗುತ್ತೇವೆ. ವಾಸ್ಕೋ ಕಡೆಯ ಝುವಾರಿನಗರದಲ್ಲಿ, ಬೈನಾದಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ಯಾರಾದರೂ "ನೀವು ಹೊರಗಿನವರು" ಅಂದಾಗ ಅವು ಮುಖ ಸಣ್ಣ ಮಾಡಿಕೊಂಡು ಮನೆಗೆ ಬರುತ್ತವೆ. ಜಗಳ ಮಾಡಿ ಅಂತ ನಾನು ಹೇಳುವುದಿಲ್ಲ. ಒಂದು ರಜೆ ದಿನ ಈ ನಂದಿ ಹತ್ತಿರ ಕರೆದುಕೊಂಡು ಹೋಗಿ, ಕದಂಬರ ಕಥೆ ಕನ್ನಡದಲ್ಲೇ ಹೇಳಿ. ಜೊತೆಗೆ ಆ ದೊಡ್ಡಮನೆಯ ಅಜ್ಜಿ ಸ್ಟೂಲ್ ತಂದುಕೊಟ್ಟ ಕಥೆಯನ್ನೂ ಹೇಳಿ.

ಅದು ರಕ್ಷಿತ ಜಾಗ. ಕಲ್ಲು ಸರಿಸಬೇಡಿ, ಅಡಿಪಾಯದ ಮೇಲೆ ಹತ್ತಬೇಡಿ, ಕುಂಕುಮ ಎಣ್ಣೆ ಹಚ್ಚಬೇಡಿ. ಅವ್ವನಿಗೆ ಇದನ್ನು ಮೊದಲೇ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು, ನಂದಿಯ ಬೆನ್ನಿನ ಮೇಲೆ ಬಿದ್ದಿದ್ದ ಒಣ ಎಲೆಗಳನ್ನು ಒಂದೊಂದಾಗಿ ತೆಗೆದಳು. ಕೊರಳಿನ ಗೆಜ್ಜೆ ಸರ ಇನ್ನೂ ಗೊತ್ತಾಗುತ್ತದೆ ಅಂತ ನನಗೆ ತೋರಿಸಿದ್ದೂ ಅವಳೇ. ನಾನು ಅಲ್ಲಿಯ ತನಕ ನೋಡಿದ್ದು ಇಲ್ಲದ ತಲೆಯನ್ನು ಮಾತ್ರ.

ಹೊತ್ತು ಉಳಿದಿದ್ದು, ಗಾಡಿಯೂ ಇದ್ದರೆ ಎರಡು ದಾರಿ. ಒಂದು ಲೋಟಲಿ, ಮಡಗಾಂವದಿಂದ ಸುಮಾರು 10 ಕಿಲೋಮೀಟರ್. ಅಲ್ಲಿನ ಫಿಗೆರೆದೊ ಮನೆ 1590ರದ್ದು, ತಾಜ್‌ಮಹಲಿಗಿಂತ ಹಳೆಯದು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮೊದಲೇ ಕೇಳಿಕೊಂಡು ಹೋಗಬೇಕು. ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಮನೆಯೂ ಅದೇ ಊರಲ್ಲಿ, ಅದು ಖಾಸಗಿ, ಹೊರಗಿನಿಂದ ನೋಡಿ ಬನ್ನಿ. ಮಕ್ಕಳಿದ್ದರೆ ಬಿಗ್ ಫುಟ್ ಅನ್ನುವ ಜಾಗ ಇದೆ, ಹಳೇ ಗೋವಾ ಹಳ್ಳಿಯ ಕಸುಬುಗಳ ಮಾದರಿ ಮಾಡಿಟ್ಟಿದ್ದಾರೆ, ಒಂದೇ ಜಂಬಿಟ್ಟಿಗೆ ಬಂಡೆಯಲ್ಲಿ ಕೆತ್ತಿದ ಉದ್ದನೆಯ ಸಂತ ಮೀರಾಬಾಯಿ ಅಲ್ಲೇ ಇರುವುದು. ಇನ್ನೊಂದು ದಾರಿ ಕೇಪೆ ಕಡೆ, 1787ರಲ್ಲಿ ಕಟ್ಟಿದ ಪಲಾಸಿಯೋ ದೊ ದಿಯಾವ್ ಅನ್ನುವ ದೊಡ್ಡಮನೆ. ಅದೂ ಕುಶಾವತಿ ದಂಡೆಯದ್ದೇ, ತೋಟ ತುಂಬಾ ಚೆನ್ನಾಗಿದೆ. ಎರಡನ್ನೂ ಒಂದೇ ದಿನ ತುರುಕಬೇಡಿ. ವಯಸ್ಸಾದವರು ಜೊತೆಗಿದ್ದರೆ ಒಂದೂ ಬೇಡ. ಚರ್ಚ್ ಚೌಕದಲ್ಲಿ ಕೂತು ಚಹಾ ಕುಡಿದು ಮನೆಗೆ ಹೊರಡಿ.

ವಾಪಸು ಬರುವಾಗ ಪ್ಯಾಸೆಂಜರಿಗೆ ಅರ್ಧ ತಾಸು ಮೊದಲೇ ಸ್ಟೇಷನ್ನಿನಲ್ಲಿ ಇರಿ. ಗಾಡಿ ತಪ್ಪಿದರೆ ಮುಂದಿನದ್ದಕ್ಕೆ ಕಾಯಬೇಡಿ, ಚೌಕಕ್ಕೆ ನಡೆದು ಬಂದು ಮಡಗಾಂವ ಬಸ್ ಹಿಡಿಯಿರಿ. ಸಂಜೆ ಆದ ಮೇಲೆ ಬಸ್ಸುಗಳೂ ಕಮ್ಮಿಯಾಗುತ್ತವೆ, ಕತ್ತಲಾಗುವ ಮೊದಲು ಹತ್ತಿಬಿಡಿ. ಮಡಗಾಂವದಿಂದ ವಾಸ್ಕೋಗೆ ತಡವಾಗಿಯೂ ಬಸ್ ಸಿಗುತ್ತದೆ. ಚಾಂದೋರ್ ಸ್ಟೇಷನ್ನಿನಲ್ಲಿ ಅಂಗಡಿ ಇಲ್ಲ ಅಂತಲೇ ಅಂದುಕೊಂಡು ಬಾಟಲಿಯಲ್ಲಿ ಸ್ವಲ್ಪ ನೀರು ಉಳಿಸಿಕೊಳ್ಳಿ.